ಲೆಕ್ಕಕ್ಕೆ ಸಿಗದ ಹುಂಡಿ

ಹುಂಡಿ ಎಂಬ ಮಾತಿಗೆ ಎರಡು ಅರ್ಥಗಳುಂಟು. ರಾಯಚೂರು ತಾಲ್ಲೂಕಿನ ದೇವಸುಗೂರಿನವರಿಗೆ ಮೊದಲು ನೆನಪಾಗುವುದು ಸುಗೂರೇಶ್ವರನ ಗುಡಿಯ ಕಾಣಿಕೆ ಹುಂಡಿ. ಅದರಲ್ಲಿ ಹಣ ಹಾಕುವವರ ಹೆಸರನ್ನು ಯಾರೂ ಕೇಳುವುದಿಲ್ಲ. ಆದರೆ ಮುಜರಾಯಿ ಇಲಾಖೆಗೆ ಸೇರಿದ ಗುಡಿಗಳಲ್ಲಿ ಹುಂಡಿಯ ಬೀಗ ತೆಗೆಯುವುದು ಅಧಿಕಾರಿಗಳ ಎದುರಿಗೆ. ಎಣಿಕೆ ನಡೆಯುವುದು ಹತ್ತು ಜನರ ಕಣ್ಣ ಮುಂದೆ. ಎಣಿಸಿದ ಹಣ ಹೋಗುವುದು ಬ್ಯಾಂಕಿಗೆ. ಕೊಟ್ಟವರು ಯಾರೆಂದು ಗೊತ್ತಿಲ್ಲದಿದ್ದರೂ ಬಂದದ್ದೆಷ್ಟು ಎಂಬ ಲೆಕ್ಕ ಊರಿಗೆ ಸಿಗುತ್ತದೆ.

ಇನ್ನೊಂದು ಹುಂಡಿ ವರ್ತಕರದು. ಬ್ಯಾಂಕುಗಳು ಇಲ್ಲದ ಕಾಲದಲ್ಲಿ ಒಂದು ಪೇಟೆಯ ಸಾಹುಕಾರ ಬರೆದುಕೊಟ್ಟ ಚೀಟಿಗೆ ದೂರದ ಇನ್ನೊಂದು ಪೇಟೆಯ ಸಾಹುಕಾರ ರೊಕ್ಕ ಎಣಿಸಿ ಕೊಡುತ್ತಿದ್ದ. ದಾರಿಯಲ್ಲಿ ಕಳ್ಳಕಾಕರ ಭಯ ಇರಲಿಲ್ಲ. ನಂಬಿಕೆಯೇ ಅದರ ಬಂಡವಾಳ. ಬ್ರಿಟಿಷರು 1881ರಲ್ಲಿ ಚೆಕ್ಕು, ಪ್ರಾಮಿಸರಿ ನೋಟುಗಳಿಗೆ ಕಾಯಿದೆ ಮಾಡಿದಾಗಲೂ ದೇಶೀ ಹುಂಡಿಗಳ ರೂಢಿಯನ್ನು ಅದರ ಪಾಡಿಗೆ ಬಿಟ್ಟಿದ್ದರು. ಅಂಥ ಗೌರವದ ಪದ್ಧತಿಯ ನೆರಳಿನಲ್ಲಿಯೇ ಲೆಕ್ಕಕ್ಕೆ ಸಿಗದ ಮತ್ತೊಂದು ದಾರಿ ಬೆಳೆಯಿತು. ಅದಕ್ಕೆ ಹವಾಲಾ ಎಂದು ಹೆಸರು.

ದಾಟದೆ ದಾಟುವ ಹಣ

ರಾಯಚೂರಿನಿಂದ ಹೈದರಾಬಾದಿನ ಕಡೆ ಹೊರಟ ಲಾರಿ ದೇವಸುಗೂರಿನ ಬಳಿ ಕೃಷ್ಣಾ ನದಿಯನ್ನು ದಾಟಬೇಕು. ಲಾರಿಯ ಜೊತೆ ಸರಕಿನ ಬಿಲ್ಲು ಇರುತ್ತದೆ. ಕಳಿಸಿದವರು ಯಾರು, ಪಡೆಯುವವರು ಯಾರು ಎಂಬುದು ಅದರಲ್ಲಿ ಬರೆದಿರುತ್ತದೆ. ಹವಾಲಾ ಹಣಕ್ಕೆ ಸೇತುವೆಯೂ ಬೇಡ, ಬಿಲ್ಲೂ ಬೇಡ.

ದುಬೈಯಲ್ಲಿ ದುಡಿಯುವ ಒಬ್ಬಾತ ಅಲ್ಲಿನ ದಲ್ಲಾಳಿಯ ಕೈಗೆ ದಿರ್ಹಂ ಕೊಡುತ್ತಾನೆ ಎಂದಿಟ್ಟುಕೊಳ್ಳೋಣ. ದಲ್ಲಾಳಿ ಭಾರತದಲ್ಲಿರುವ ತನ್ನ ಜೊತೆಗಾರನಿಗೆ ಫೋನು ಮಾಡುತ್ತಾನೆ. ಇಲ್ಲಿಯ ಜೊತೆಗಾರ ಆತನ ಮನೆಯವರಿಗೆ ರೂಪಾಯಿ ತಲುಪಿಸುತ್ತಾನೆ. ಗುರುತಿಗೆ ಹತ್ತು ರೂಪಾಯಿ ನೋಟಿನ ನಂಬರು ಸಾಕು. ಹಣ ಗಡಿ ದಾಟಲೇ ಇಲ್ಲ, ಆದರೂ ತಲುಪಿತು! ದಲ್ಲಾಳಿಗಳು ತಮ್ಮ ನಡುವಿನ ಬಾಕಿಯನ್ನು ಮುಂದೆ ಬಂಗಾರದಲ್ಲೋ ಸುಳ್ಳು ವ್ಯಾಪಾರದ ಬಿಲ್ಲಿನಲ್ಲೋ ತೀರಿಸಿಕೊಳ್ಳುತ್ತಾರೆ. ಭಾರತದ ವಿದೇಶಿ ವಿನಿಮಯ ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲ.

ಹೀಗೆ ಹಣ ಕಳಿಸುವವರಲ್ಲಿ ಬಹುಮಂದಿ ಕಷ್ಟಪಟ್ಟು ದುಡಿದವರೇ. ನಾಲ್ಕು ಕಾಸು ಹೆಚ್ಚು ಸಿಗಲಿ, ಬೇಗ ತಲುಪಲಿ ಎಂಬುದಷ್ಟೇ ಅವರ ಆಸೆ. ಆದರೆ ಹೆಸರಿಲ್ಲದ ದಾರಿಯಲ್ಲಿ ಹೆಂಡತಿ ಮಕ್ಕಳಿಗೆ ಕಳಿಸಿದ ಹಣವೂ ಬಾಂಬಿಗೆ ಕಳಿಸಿದ ಹಣವೂ ಒಂದೇ ಬಣ್ಣದವು. ಬೇರ್ಪಡಿಸುವುದು ಹೇಗೆ?

ಡೈರಿಗಳು ಹೇಳಿದ್ದು

ಈ ಪ್ರಶ್ನೆ ಭಾರತಕ್ಕೆ ಬಲು ದೊಡ್ಡದಾಗಿ ಎದುರಾದದ್ದು 1991ರಲ್ಲಿ. ಆ ವರ್ಷದ ಮಾರ್ಚ್ 25ರಂದು ಹಿಜ್ಬುಲ್ ಮುಜಾಹಿದೀನ್ ಸಂಘಟನೆಗೆ ಸೇರಿದವನೆಂದು ಆಪಾದಿಸಲಾದ ಒಬ್ಬನನ್ನು ದೆಹಲಿಯಲ್ಲಿ ಬಂಧಿಸಲಾಯಿತು. ಅವನ ವಿಚಾರಣೆಯಿಂದ ಸಿಕ್ಕ ಸುಳಿವು ಹಿಡಿದು ಸಿಬಿಐ ಒಂದು ಉದ್ಯಮಿ ಕುಟುಂಬದ ಮನೆ, ಕಚೇರಿಗಳನ್ನು ಶೋಧಿಸಿತು. ದೇಶ ವಿದೇಶಗಳ ನೋಟುಗಳ ಜೊತೆಗೆ ಎರಡು ಡೈರಿಗಳೂ ಎರಡು ನೋಟ್ ಬುಕ್ಕುಗಳೂ ಸಿಕ್ಕವು. ಅವುಗಳ ತುಂಬ ಹಣ ಕೊಟ್ಟ ಲೆಕ್ಕ. ಪಡೆದವರ ಪೂರ್ತಿ ಹೆಸರುಗಳಿರಲಿಲ್ಲ, ಮೊದಲಕ್ಷರಗಳಷ್ಟೇ ಇದ್ದವು. ಅವು ದೊಡ್ಡ ದೊಡ್ಡ ರಾಜಕಾರಣಿಗಳ, ಅಧಿಕಾರಿಗಳ ಹೆಸರುಗಳಿಗೆ ಹೊಂದುತ್ತಿದ್ದವು.

ತನಿಖೆ ಆಮೆಯ ನಡಿಗೆಯಲ್ಲಿ ಸಾಗಿತು. ಪತ್ರಕರ್ತ ವಿನೀತ್ ನಾರಾಯಣ್ ಮತ್ತಿತರರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1997ರ ಡಿಸೆಂಬರ್ 18ರ ತೀರ್ಪಿನಲ್ಲಿ ನ್ಯಾಯಾಲಯ ಸಿಬಿಐಯ ಸ್ವಾತಂತ್ರ್ಯದ ಬಗ್ಗೆ ಮಹತ್ವದ ನಿರ್ದೇಶನಗಳನ್ನು ಕೊಟ್ಟಿತು. ಆದರೆ ಮರುವರ್ಷ ಅದೇ ಪ್ರಕರಣದಲ್ಲಿ ಡೈರಿಯ ಬರಹವೊಂದೇ ಶಿಕ್ಷೆಗೆ ಸಾಲದೆಂದು ಸುಪ್ರೀಂ ಕೋರ್ಟು ಹೇಳಿತು. ಹೆಸರಿಲ್ಲದ ಲೆಕ್ಕವನ್ನು ಹಿಡಿಯುವುದೇ ಕಷ್ಟ, ಹಿಡಿದ ಮೇಲೆ ಸಾಬೀತು ಮಾಡುವುದು ಇನ್ನೂ ಕಷ್ಟ ಎಂಬುದು ಆಗಲೇ ತಿಳಿದುಹೋಯಿತು.

ಜಗತ್ತು ಕೇಳಿದ ಪ್ರಶ್ನೆ

ಈ ತೊಡಕು ಭಾರತದ್ದು ಮಾತ್ರವಾಗಿರಲಿಲ್ಲ. ಮಾದಕ ವಸ್ತುಗಳ ಕಪ್ಪು ಹಣವನ್ನು ತಡೆಯಬೇಕೆಂದು ಏಳು ಶ್ರೀಮಂತ ರಾಷ್ಟ್ರಗಳು 1989ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿ ಒಂದು ಕಾರ್ಯಪಡೆಯನ್ನು ರಚಿಸಿದವು. ಇಂದು ಎಫ್‌ಎಟಿಎಫ್ ಎಂದು ಪತ್ರಿಕೆಗಳಲ್ಲಿ ಬರುವುದು ಅದೇ. ಹತ್ತು ವರ್ಷಗಳ ನಂತರ, 1999ರ ಡಿಸೆಂಬರ್‌ನಲ್ಲಿ, ಭಯೋತ್ಪಾದನೆಗೆ ಹಣ ಒದಗಿಸುವುದನ್ನೇ ಅಪರಾಧವೆಂದು ಸಾರುವ ಒಪ್ಪಂದವನ್ನು ವಿಶ್ವಸಂಸ್ಥೆ ಅಂಗೀಕರಿಸಿತು. ಕೊಟ್ಟ ಹಣ ಕೊನೆಗೆ ಬಾಂಬಿಗೆ ಬಳಕೆಯಾಗದಿದ್ದರೂ ತಿಳಿದು ಕೊಟ್ಟದ್ದೇ ತಪ್ಪು ಎಂಬುದು ಅದರ ಮುಖ್ಯ ಮಾತು. ಭಾರತ 2003ರಲ್ಲಿ ಅದನ್ನು ಅನುಮೋದಿಸಿತು.

ಒಪ್ಪಂದ ಕಾಗದದ ಮೇಲಿತ್ತು. ಅಷ್ಟರಲ್ಲಿ 2001ರ ಸೆಪ್ಟೆಂಬರ್ 11 ಬಂತು. ನ್ಯೂಯಾರ್ಕ್, ವಾಷಿಂಗ್ಟನ್ ನಗರಗಳ ಮೇಲಿನ ಆ ದಾಳಿಗೆ ಆದ ವೆಚ್ಚ ನಾಲ್ಕರಿಂದ ಐದು ಲಕ್ಷ ಡಾಲರ್ ಎಂದು ಅಮೆರಿಕದ ತನಿಖಾ ಆಯೋಗ 2004ರಲ್ಲಿ ಹೇಳಿತು. ಸುಮಾರು ಮೂರು ಸಾವಿರ ಜೀವಗಳನ್ನು ಬಲಿತೆಗೆದುಕೊಂಡ ಕೃತ್ಯಕ್ಕೆ ಇದು ತೀರ ಸಣ್ಣ ಮೊತ್ತ. ಆ ಹಣ ಕಳ್ಳದಾರಿಯಲ್ಲೂ ಬಂದಿರಲಿಲ್ಲ. ದಾಳಿಕೋರರು ಮಾಮೂಲಿ ಬ್ಯಾಂಕುಗಳಲ್ಲಿ ಸ್ವಂತ ಹೆಸರಿನ ಖಾತೆ ತೆರೆದಿದ್ದರು. ಸಣ್ಣ ಸಣ್ಣ ಮೊತ್ತಗಳು ಯಾರ ಕಣ್ಣಿಗೂ ಬೀಳಲಿಲ್ಲ.

ಅದೇ ತಿಂಗಳ 28ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1373ನೇ ನಿರ್ಣಯವನ್ನು ಕೈಗೊಂಡಿತು. ಇಂಥ ಹಣವನ್ನು ತಡಮಾಡದೆ ತಡೆಹಿಡಿಯುವುದು ಎಲ್ಲ ರಾಷ್ಟ್ರಗಳ ಕರ್ತವ್ಯವಾಯಿತು. ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ಕಾರ್ಯಪಡೆಯೂ ಭಯೋತ್ಪಾದನೆಯ ಹಣವನ್ನು ತನ್ನ ಕೆಲಸಕ್ಕೆ ಸೇರಿಸಿಕೊಂಡಿತು. ಈ ಕಾರ್ಯಪಡೆಗೆ ಪೊಲೀಸರಿಲ್ಲ, ಜೈಲಿಲ್ಲ. ಅದರ ಕೈಯಲ್ಲಿರುವುದು ಒಂದು ಪಟ್ಟಿ ಮಾತ್ರ. ನಿಯಮ ಪಾಲಿಸದ ದೇಶದ ಹೆಸರು ಆ ಪಟ್ಟಿಗೆ ಬಿದ್ದರೆ ಬೇರೆ ದೇಶಗಳ ಬ್ಯಾಂಕುಗಳು ಅದರೊಡನೆ ವ್ಯವಹರಿಸಲು ಹಿಂದೆಮುಂದೆ ನೋಡುತ್ತವೆ. ಪಾಕಿಸ್ತಾನ 2018ರ ಜೂನ್‌ನಿಂದ 2022ರ ಅಕ್ಟೋಬರ್‌ವರೆಗೆ ಅದರ ಬೂದು ಪಟ್ಟಿಯಲ್ಲಿತ್ತು.

ಭಾರತದಲ್ಲಿ ಹಣ ಶುದ್ಧೀಕರಣ ತಡೆ ಕಾನೂನು 2005ರ ಜುಲೈ 1ರಂದು ಜಾರಿಗೆ ಬಂತು. ಬ್ಯಾಂಕುಗಳು ಅನುಮಾನಾಸ್ಪದ ವ್ಯವಹಾರಗಳ ವರದಿ ಕಳಿಸಲೆಂದು 2004ರಲ್ಲೇ ಒಂದು ಕೇಂದ್ರ ಘಟಕ ಆರಂಭವಾಗಿತ್ತು. 2010ರಲ್ಲಿ ಭಾರತ ಕಾರ್ಯಪಡೆಯ ಸದಸ್ಯ ರಾಷ್ಟ್ರವಾಯಿತು. 2024ರಲ್ಲಿ ಅದು ಭಾರತದ ವ್ಯವಸ್ಥೆಯನ್ನು ಪರೀಕ್ಷಿಸಿ ಒಟ್ಟಾರೆ ಒಳ್ಳೆಯ ಅಂಕಗಳನ್ನೇ ಕೊಟ್ಟಿತು. ಜೊತೆಗೆ ಮೊಕದ್ದಮೆಗಳು ವರ್ಷಗಟ್ಟಲೆ ಮುಗಿಯದಿರುವುದನ್ನೂ ಎತ್ತಿ ಹೇಳಿತು.

ರಾಯಚೂರಿನಲ್ಲಾಗಲಿ ಮಾನ್ವಿಯಲ್ಲಾಗಲಿ ಬ್ಯಾಂಕಿನ ಗುಮಾಸ್ತ ಆಧಾರ್ ಕೇಳುವುದು, ದೊಡ್ಡ ಮೊತ್ತದ ನಗದು ಕಟ್ಟಿದರೆ ಪ್ಯಾನ್ ಸಂಖ್ಯೆ ಕೇಳುವುದು ಹಲವರಿಗೆ ಕಿರಿಕಿರಿ ಅನಿಸುತ್ತದೆ. ತೆರಿಗೆ ತಪ್ಪಿಸುವುದನ್ನು ತಡೆಯುವುದೂ ಅದರ ಒಂದು ಉದ್ದೇಶ. ಆದರೆ ಪ್ಯಾರಿಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಕೇಳಿದ ಪ್ರಶ್ನೆಯೂ ಅದೇ: ಈ ಹಣ ಯಾರದು?

ಪಟ್ಟಿಯೂ ತಪ್ಪಬಹುದು

ಪ್ರಶ್ನೆ ಸರಿಯಾದದ್ದು ಎಂದಮಾತ್ರಕ್ಕೆ ಉತ್ತರವೂ ಯಾವಾಗಲೂ ಸರಿಯಿರುತ್ತದೆ ಎನ್ನುವಂತಿಲ್ಲ. ಸೋಮಾಲಿಯಾ ದೇಶದಲ್ಲಿ ನೆಟ್ಟಗೆ ಒಂದು ಸರಕಾರವಾಗಲಿ ಬ್ಯಾಂಕಾಗಲಿ ಇಲ್ಲದ ಕಾಲದಲ್ಲಿ, ಹೊರದೇಶಗಳಲ್ಲಿ ದುಡಿಯುವವರ ಹಣವನ್ನು ಮನೆಗೆ ಮುಟ್ಟಿಸುತ್ತಿದ್ದುದು ಅಲ್ ಬರಕಾತ್ ಎಂಬ ಸಂಸ್ಥೆ. 2001ರ ನವೆಂಬರ್‌ನಲ್ಲಿ ಅಮೆರಿಕ ಅದನ್ನು ಭಯೋತ್ಪಾದಕರ ಪಟ್ಟಿಗೆ ಸೇರಿಸಿ ಬಾಗಿಲು ಮುಚ್ಚಿಸಿತು. ವಿಶ್ವಸಂಸ್ಥೆಯೂ ಅದನ್ನೇ ಅನುಸರಿಸಿತು. ಮನೆಯ ಹಣಕ್ಕೆ ಕಾದಿದ್ದ ಸಾವಿರಾರು ಕುಟುಂಬಗಳು ತೊಂದರೆಗೊಳಗಾದವು. ಮುಂದೆ ತನಿಖೆ ನಡೆಸಿದಾಗ ಅಲ್ ಖೈದಾಗೆ ಹಣ ಕೊಟ್ಟರೆಂಬ ಆರೋಪಕ್ಕೆ ಆಧಾರ ಸಿಗಲಿಲ್ಲ. ಸಂಸ್ಥೆಯ ಹೆಸರನ್ನು ಪಟ್ಟಿಯಿಂದ ತೆಗೆಯಲು ವರ್ಷಗಳೇ ಹಿಡಿದವು.

ಕಳ್ಳನಿಗೆಂದು ಹಾಕಿದ ಬೀಗ ಮನೆಯವರನ್ನೇ ಹೊರಗಿಡಬಾರದು. ಬಡವರು ಹಣ ಕಳಿಸಲು ಬ್ಯಾಂಕಿನ ದಾರಿ ಸುಲಭವೂ ಅಗ್ಗವೂ ಆಗಿದ್ದಾಗಲೇ ಅವರು ಕತ್ತಲ ದಾರಿಯನ್ನು ಬಿಡುತ್ತಾರೆ.

ಬಾಡಿಗೆಗೆ ಖಾತೆ

ಕತ್ತಲ ದಾರಿಯೂ ಕಾಲಕ್ಕೆ ತಕ್ಕಂತೆ ವೇಷ ಬದಲಿಸಿದೆ. 2024ರ ಮಾರ್ಚ್ 1ರಂದು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸಿಡಿದು ಒಂಬತ್ತು ಮಂದಿ ಗಾಯಗೊಂಡರು. ಆ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆ ನಾಲ್ವರ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಿತು. ಅದರ ಪ್ರಕಾರ ಆರೋಪಿಗಳಿಗೆ ಹಣ ಬಂದದ್ದು ಕ್ರಿಪ್ಟೊ ಕರೆನ್ಸಿಯ ರೂಪದಲ್ಲಿ, ಅಂದರೆ ಕಂಪ್ಯೂಟರ್ ಜಾಲದಲ್ಲಷ್ಟೇ ಇರುವ ಹಣವಾಗಿ. ಟೆಲಿಗ್ರಾಂ ಮೂಲಕ ನಡೆಯುವ ಖಾಸಗಿ ಕೊಡುಕೊಳ್ಳುವಿಕೆಯಲ್ಲಿ ಅದು ರೂಪಾಯಿಯಾಯಿತು. ಮೋಸದಿಂದ ಪಡೆದ ಸಿಮ್ ಕಾರ್ಡುಗಳೂ ಬ್ಯಾಂಕ್ ಖಾತೆಗಳೂ ಬಳಕೆಯಾದವು. ಇದು ತನಿಖಾ ಸಂಸ್ಥೆ ಮಾಡಿದ ಆರೋಪ. ತಪ್ಪು ಒಪ್ಪುಗಳನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ.

ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇಲ್ಲಿದೆ. ಕ್ರಿಪ್ಟೊ ಆಗಲಿ ಹವಾಲಾ ಆಗಲಿ, ಹಣ ಖರ್ಚಿಗೆ ಬರಬೇಕಾದರೆ ಎಲ್ಲೋ ಒಂದು ಕಡೆ ಯಾರದೋ ಕೈಗೆ, ಯಾರದೋ ಖಾತೆಗೆ ಇಳಿಯಲೇಬೇಕು. ಇಳಿಯುವ ಆ ಖಾತೆಯ ಮೇಲೆ ಒಬ್ಬ ನಿಜವಾದ ಮನುಷ್ಯನ ಹೆಸರಿರುತ್ತದೆ.

ದೇವಸುಗೂರಿನಿಂದ ರಾಯಚೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಬಹುದು. ಅವನಿಗೆ ವಿದ್ಯಾರ್ಥಿವೇತನ ಬರುವ ಒಂದು ಖಾತೆ ಇದೆ. ಗೆಳೆಯನ ಗೆಳೆಯನೊಬ್ಬ ಬಂದು, "ನಿನ್ನ ಖಾತೆಯಾಗ ಸ್ವಲ್ಪ ರೊಕ್ಕ ಬರ್ತಾವಪಾ, ತೆಗೆದು ಕೊಟ್ಟರ ಸಾಕು, ನಿನಗೂ ಎರಡು ಸಾವಿರ ಸಿಗ್ತಾವ" ಎನ್ನುತ್ತಾನೆ. ಎಟಿಎಂ ಕಾರ್ಡು, ಸಿಮ್ಮು ಒಂದು ವಾರದ ಮಟ್ಟಿಗೆ ಕೊಟ್ಟರೆ ಇನ್ನೂ ಹೆಚ್ಚು ಕೊಡುತ್ತಾನಂತೆ. ಕದ್ದದ್ದಲ್ಲ, ಸುಳ್ಳು ಹೇಳಿದ್ದಲ್ಲ, ಬರೇ ಖಾತೆ ಕೊಟ್ಟದ್ದು. ಇದರಲ್ಲೇನು ತಪ್ಪು ಎಂದು ಹುಡುಗನಿಗೆ ಅನಿಸಿದರೆ ಆಶ್ಚರ್ಯವಿಲ್ಲ.

ಬ್ಯಾಂಕಿನವರು ಇಂಥದ್ದನ್ನು ಮ್ಯೂಲ್ ಖಾತೆ ಎನ್ನುತ್ತಾರೆ. ಮ್ಯೂಲ್ ಎಂದರೆ ಹೇಸರಗತ್ತೆ. ಬೆನ್ನ ಮೇಲಿನ ಹೊರೆ ಯಾರದೆಂದು ಹೇಸರಗತ್ತೆ ಕೇಳುವುದಿಲ್ಲ. ಇಂಥ ಖಾತೆಗಳಲ್ಲಿ ಸಾಮಾನ್ಯವಾಗಿ ಹರಿಯುವುದು ಫೋನಿನಲ್ಲಿ ಮೋಸಹೋದವರ ಹಣ. ಬಾಂಬಿನ ಹಣ ಹರಿಯುವುದು ಅಪರೂಪ. ಆದರೆ ಒಮ್ಮೆ ಬಾಗಿಲು ತೆರೆದ ಮೇಲೆ ಒಳಗೆ ಯಾರು ಬರುತ್ತಾರೆಂಬುದು ತೆರೆದವನ ಕೈಯಲ್ಲಿ ಉಳಿಯುವುದಿಲ್ಲ.

ಭಯೋತ್ಪಾದನೆಗೆ ಬಳಕೆಯಾಗಬಹುದೆಂದು ತಿಳಿದೂ ಹಣ ಒದಗಿಸಿದವರಿಗೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯಿದೆಯ 17ನೇ ಕಲಮಿನಲ್ಲಿ ಕನಿಷ್ಠ 5 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ತಿಳಿಯದೆ ಸಿಕ್ಕಿಬಿದ್ದವನು ಆ ಶಿಕ್ಷೆಗೆ ಗುರಿಯಾಗಬೇಕಿಲ್ಲ, ನಿಜ. ಆದರೆ ತನಗೆ ತಿಳಿದಿರಲಿಲ್ಲ ಎಂದು ದೂರದ ಠಾಣೆಯಲ್ಲಿ ಕುಳಿತು ಒಪ್ಪಿಸುವ ಹೊತ್ತಿಗೆ ಖಾತೆಗೆ ತಡೆ ಬಿದ್ದಿರುತ್ತದೆ, ವಿದ್ಯಾರ್ಥಿವೇತನ ಅದರಲ್ಲೇ ಸಿಕ್ಕಿಕೊಂಡಿರುತ್ತದೆ. ಪರೀಕ್ಷೆ ತಪ್ಪಿದರೂ ತಪ್ಪಬಹುದು. ಎರಡು ಸಾವಿರಕ್ಕೆ ಇಷ್ಟೆಲ್ಲ!

ಮನೆಯಲ್ಲಿ ಆಗಬೇಕಾದ್ದು

ತಂದೆತಾಯಿಗಳಿಗೆ ಬ್ಯಾಂಕಿನ ಕಾಗದ ಓದಲು ಬಾರದ ಮನೆಗಳು ರಾಯಚೂರು, ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಿ ಈಗಲೂ ಉಂಟು. ಅಲ್ಲಿ ಲೆಕ್ಕ ನೋಡುವವರು ಮಕ್ಕಳೇ. ತಿಂಗಳಿಗೊಮ್ಮೆ ಪಾಸ್ ಬುಕ್ ಎಂಟ್ರಿ ಮಾಡಿಸಿ, ಮಗನೋ ಮಗಳೋ ಅದನ್ನು ಅವ್ವ ಅಪ್ಪನ ಎದುರಿಗೆ ಸಾಲು ಸಾಲಾಗಿ ಓದಿ ಹೇಳಲಿ. ಯಾವ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹೆತ್ತವರು ಕೇಳಲಿ. ಅದು ಮಕ್ಕಳ ಮೇಲಿನ ಅಪನಂಬಿಕೆಯಲ್ಲ, ಮನೆಯ ಲೆಕ್ಕ.

ಖಾತೆ, ಕಾರ್ಡು, ಸಿಮ್ಮು, ಒಟಿಪಿ ಇವು ನಾಲ್ಕನ್ನೂ ಆಪ್ತ ಗೆಳೆಯನಿಗೂ ಕೊಡಬಾರದು. ಈಗಾಗಲೇ ಕೊಟ್ಟಿದ್ದರೆ ಹೆದರಿ ಮುಚ್ಚಿಡುವುದಕ್ಕಿಂತ ಮನೆಯಲ್ಲಿ ಹೇಳಿ ಅಂದೇ ಬ್ಯಾಂಕಿಗೆ ಹೋಗುವುದು ಲೇಸು. ಗುರುತಿಲ್ಲದ ಹಣ ಖಾತೆಗೆ ಬಂದು, ತಪ್ಪಿ ಬಂದಿದೆ ವಾಪಸು ಕಳಿಸಿ ಎಂದು ಯಾರಾದರೂ ಫೋನು ಮಾಡಿದರೆ ಅವರು ಹೇಳಿದ ನಂಬರಿಗೆ ಕಳಿಸಬಾರದು, ಖರ್ಚೂ ಮಾಡಬಾರದು. ಮೋಸವಾಗಿದ್ದರೆ 1930 ಸಂಖ್ಯೆಗೆ ಕರೆ ಮಾಡಬೇಕು. ಬ್ಯಾಂಕಿನ ಮ್ಯಾನೇಜರಿಗೆ ಒಂದು ಅರ್ಜಿ ಬರೆದು ಕೊಟ್ಟು, ಇನ್ನೊಂದು ಪ್ರತಿಗೆ ತಾರೀಖು ಸಹಿತ ಮೊಹರು ಹಾಕಿಸಿಕೊಂಡು ಬರಬೇಕು. ಆ ಪ್ರತಿಯನ್ನು ಮಾರ್ಕ್ಸ್ ಕಾರ್ಡುಗಳ ಜೊತೆಯಲ್ಲೇ ಜೋಪಾನವಾಗಿ ಇಟ್ಟುಕೊಂಡಿರುವುದು ಒಳ್ಳೆಯದು.