ಕ್ಯಾಲ್ಸಿಯಂ ಮಾತ್ರೆ ನುಂಗಿದ್ರೆ ಹೆಪಾರಿನ್ ಕೆಲಸ ಕೆಡುತ್ತಾ?

ನನ್ನ ನಾದಿನಿಗೆ ಈಗ ಏಳು ತಿಂಗಳು. ಹಿಂದೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಪರೀಕ್ಷೆ ಮಾಡಿಸಿದಾಗ ರಕ್ತ ಬೇಗ ಹೆಪ್ಪುಗಟ್ಟುವ ತೊಂದರೆ ಇದೆ ಅಂತ ಗೊತ್ತಾಯ್ತು. ಅದಕ್ಕೇ ಈ ಸಲ ದಿನಾ ರಾತ್ರಿ ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಇಂಜೆಕ್ಷನ್, ತಾನೇ ಚುಚ್ಕೋತಾಳೆ. ಕಳೆದ ತಿಂಗಳು ನೋಡಿದ್ರೆ ಕ್ಯಾಲ್ಸಿಯಂ ಮಾತ್ರೆಯ ಸ್ಟ್ರಿಪ್ ಮಾತ್ರ ಹಾಗೇ ಉಳಿದಿತ್ತು.

"ಅತ್ತಿಗೆ, ಕ್ಯಾಲ್ಸಿಯಂ ರಕ್ತಾನ ಹೆಪ್ಪುಗಟ್ಟಿಸುತ್ತಂತೆ. ಒಂದು ಕಡೆ ಇಂಜೆಕ್ಷನ್ ತಗೊಂಡು ಇನ್ನೊಂದು ಕಡೆ ಅದಕ್ಕೇ ಉಲ್ಟಾ ಮಾತ್ರೆ ಯಾಕೆ, ಬೇಡ ಅಂದ್ರು ಅಮ್ಮ. ನೀವು ಲ್ಯಾಬ್‌ನಲ್ಲಿ ಇರೋರು, ನೀವೇ ಹೇಳಿ."

ನಮ್ಮತ್ತೆಯ ತರ್ಕವನ್ನು ನಕ್ಕು ತಳ್ಳಿಹಾಕೋ ಹಾಗಿಲ್ಲ. ಅರ್ಧ ಸರಿಯಾಗೇ ಇದೆ. ಕ್ಯಾಲ್ಸಿಯಂ ಇಲ್ಲದೆ ರಕ್ತ ಹೆಪ್ಪುಗಟ್ಟಲ್ಲ ಅಂತ ಫ್ರಾನ್ಸಿನ ಆರ್ಥಸ್ ಮತ್ತು ಪಾಜೆಸ್ 1890ರಲ್ಲೇ ತೋರಿಸಿದ್ದರು. ಹೆಪ್ಪುಗಟ್ಟಿಸುವ ಅಂಶಗಳ ಪಟ್ಟಿಯಲ್ಲಿ ಇವತ್ತಿಗೂ 4ನೇ ನಂಬರ್ ಕ್ಯಾಲ್ಸಿಯಂನದ್ದೇ.

ಆದರೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋಕೆ ಒಂದೇ ದಾರಿ ಅಲ್ಲ. ರಕ್ತ ಪರೀಕ್ಷೆಗೆ ಹೋದಾಗ ತಿಳಿನೀಲಿ ಮುಚ್ಚಳದ ಟ್ಯೂಬ್ ನೋಡಿರ್ತೀರಿ. ಅದರಲ್ಲಿರೋದು ಸೋಡಿಯಂ ಸಿಟ್ರೇಟ್. ಅದು ಕ್ಯಾಲ್ಸಿಯಂ ಅನ್ನು ಹಿಡಿದು ಕಟ್ಟಿಹಾಕುತ್ತೆ, ಅಷ್ಟೇ ಅದರ ಕೆಲಸ. ರಕ್ತದಾನದ ಚೀಲದಲ್ಲೂ ಇದೇ. ಮೆಷಿನ್‌ನಲ್ಲಿ ಪ್ಲೇಟ್‌ಲೆಟ್ ದಾನ ಮಾಡುವಾಗ ತುಟಿ ಸುತ್ತ ಜುಮ್ ಅನ್ನೋದು, ಆಗ ಅಲ್ಲಿನವರು ಕ್ಯಾಲ್ಸಿಯಂ ಮಾತ್ರೆ ಕೊಡೋದು, ಎರಡಕ್ಕೂ ಕಾರಣ ಈ ಸಿಟ್ರೇಟೇ.

ಹಸಿರು ಮುಚ್ಚಳದ ಟ್ಯೂಬಿನಲ್ಲಿ ಹೆಪಾರಿನ್ ಇರುತ್ತೆ. ಇದರ ದಾರಿಯೇ ಬೇರೆ. ನಮ್ಮ ರಕ್ತದಲ್ಲೇ ಆಂಟಿಥ್ರಾಂಬಿನ್ ಅನ್ನೋ ಪ್ರೋಟೀನ್ ಇದೆ, ಹೆಪ್ಪುಗಟ್ಟಿಸುವ ಕಿಣ್ವಗಳನ್ನು ಅದು ನಿಧಾನವಾಗಿ ಸುಮ್ಮನಾಗಿಸ್ತಾ ಇರುತ್ತೆ. ಹೆಪಾರಿನ್ ಬಂದು ಅದಕ್ಕೆ ಅಂಟಿಕೊಂಡರೆ ಅದೇ ಕೆಲಸ ಸುಮಾರು ಸಾವಿರ ಪಟ್ಟು ಚುರುಕಾಗುತ್ತೆ. ಕ್ಯಾಲ್ಸಿಯಂ ತನ್ನ ಪಾಡಿಗೆ ತಾನು ಅಲ್ಲೇ ಇರುತ್ತೆ. (ಈ ಹೆಪಾರಿನ್ ಹೆಚ್ಚಾಗಿ ತಯಾರಾಗೋದು ಹಂದಿಯ ಕರುಳಿನ ಒಳಪದರದಿಂದ. ಅತ್ತೆಗೆ ಈ ವಿಷಯ ಹೇಳೋಕೆ ನನಗಿನ್ನೂ ಧೈರ್ಯ ಬಂದಿಲ್ಲ.)

ಇದನ್ನು ನಾನು ಹೆಚ್ಚು ಕಡಿಮೆ ದಿನಾ ಕಣ್ಣಾರೆ ನೋಡ್ತೀನಿ. ಡ್ರಿಪ್‌ನಲ್ಲಿ ಹೆಪಾರಿನ್ ಹೋಗ್ತಿರುವ ರೋಗಿಗಳಿಗೆ ಎಪಿಟಿಟಿ ಅಂತ ಒಂದು ಪರೀಕ್ಷೆ ಇದೆ. ರಕ್ತ ಬರೋದು ಸಿಟ್ರೇಟ್ ಟ್ಯೂಬಿನಲ್ಲಿ. ಪ್ಲಾಸ್ಮಾ ಬೇರೆ ಮಾಡಿ, ಹೆಪ್ಪುಗಟ್ಟುವ ಕ್ರಿಯೆ ಶುರು ಮಾಡಿಸುವ ದ್ರವ ಸೇರಿಸಿ, ಕೊನೆಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಟೈಮ್ ನೋಡ್ತೀವಿ. ಹೆಪಾರಿನ್ ಇಲ್ಲದವರ ಪ್ಲಾಸ್ಮಾ ಸುಮಾರು 25ರಿಂದ 35 ಸೆಕೆಂಡಿನಲ್ಲಿ ಗಟ್ಟಿಯಾಗುತ್ತೆ, ಅಂದ್ರೆ ಕ್ಯಾಲ್ಸಿಯಂ ಬಿದ್ದ ತಕ್ಷಣ ಸಿಟ್ರೇಟಿನ ಆಟ ಮುಗೀತು. ಹೆಪಾರಿನ್ ಇರುವವರದ್ದು ಹಾಗಲ್ಲ. ಅಷ್ಟೇ ಕ್ಯಾಲ್ಸಿಯಂ ಬಿದ್ದರೂ ಒಂದೂವರೆಯಿಂದ ಎರಡೂವರೆ ಪಟ್ಟು ಹೊತ್ತು ತಗೊಳ್ಳುತ್ತೆ. ಕ್ಯಾಲ್ಸಿಯಂಗೆ ಹೆಪಾರಿನ್ ಸೋಲೋ ಹಾಗಿದ್ರೆ ಈ ಪರೀಕ್ಷೆಗೆ ಅರ್ಥವೇ ಇರ್ತಿರಲಿಲ್ಲ. ನಾದಿನಿ ತಗೊಳ್ಳೋದು ಕಡಿಮೆ ಅಣುತೂಕದ ಹೆಪಾರಿನ್, ಅದನ್ನು ಅಳೆಯೋಕೆ ಬೇಕಾದದ್ದು ಬೇರೆ ಪರೀಕ್ಷೆ. ಕೆಲಸ ಮಾಡೋದು ಮಾತ್ರ ಅದೇ ಆಂಟಿಥ್ರಾಂಬಿನ್ ಮೂಲಕವೇ.

ಇನ್ನು ನುಂಗಿದ ಮಾತ್ರೆ. ರಕ್ತದ ಕ್ಯಾಲ್ಸಿಯಂ 100 ಮಿಲಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ನಡುವೆಯೇ ಇರಬೇಕು ಅಂತ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕಾವಲು ಕಾಯ್ತವೆ. ಹೆಚ್ಚಾದ್ರೆ ಮೂತ್ರದಲ್ಲಿ ಹೊರಗೆ ಹೋಗುತ್ತೆ. ಕಡಿಮೆಯಾದ್ರೆ? ಮೂಳೆಯಿಂದ ಕಿತ್ತು ತರ್ತವೆ. ಅಂದ್ರೆ ಮಾತ್ರೆ ಬಿಟ್ಟರೆ ರಕ್ತವೇನೂ ತೆಳ್ಳಗಾಗಲ್ಲ, ಸವೆಯೋದು ತಾಯಿಯ ಮೂಳೆ.

ನನಗೆ ನಿಜಕ್ಕೂ ಗಾಬರಿಯಾಗಿದ್ದು ಇಲ್ಲೇ. ತಿಂಗಳುಗಟ್ಟಲೆ ಹೆಪಾರಿನ್ ತಗೊಂಡರೆ ಹೆಪಾರಿನ್ನೇ ಮೂಳೆಯನ್ನು ದುರ್ಬಲ ಮಾಡಬಹುದು. ಕಡಿಮೆ ಅಣುತೂಕದ್ದರಲ್ಲಿ ಈ ಅಪಾಯ ಕಡಿಮೆ, ಆದರೂ ಹೊಟ್ಟೆಯೊಳಗಿನ ಮಗು ತನ್ನ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಎಳೆದುಕೊಳ್ಳೋದೂ ಈ ಕೊನೆಯ ತಿಂಗಳುಗಳಲ್ಲೇ. ಇಂಥ ಹೊತ್ತಿನಲ್ಲಿ ಇಂಜೆಕ್ಷನ್ ಇಟ್ಕೊಂಡು ಕ್ಯಾಲ್ಸಿಯಂ ಬಿಡೋದು ಪೂರ್ತಿ ಉಲ್ಟಾ ಲೆಕ್ಕ. ಸ್ಟ್ರಿಪ್ ಫೋಟೋ ತೆಗೆದು ಅವಳ ಡಾಕ್ಟರಿಗೆ ಕಳಿಸಿದ್ವಿ, ಇವತ್ತಿನಿಂದಲೇ ಶುರು ಮಾಡಿ ಅಂದ್ರು.

ಇಂಜೆಕ್ಷನ್ ಡಬ್ಬಿಯ ಮೇಲೆ "ನಾಡ್ರೊಪರಿನ್ ಕ್ಯಾಲ್ಸಿಯಂ" ಅಂತ ಇದ್ದರೂ ಹೆದರಬೇಡಿ. ಹೆಪಾರಿನ್ ಅಣುವಿನ ಮೇಲೆ ಋಣ ವಿದ್ಯುದಂಶ ವಿಪರೀತ, ಅದರ ಜೊತೆಗೆ ಒಂದು ಧನ ಅಯಾನ್ ಬೇಕೇ ಬೇಕು. ಕೆಲವು ತಯಾರಿಕೆಗಳಲ್ಲಿ ಸೋಡಿಯಂ, ಕೆಲವದರಲ್ಲಿ ಕ್ಯಾಲ್ಸಿಯಂ. ಎರಡೂ ರಕ್ತ ಹೆಪ್ಪುಗಟ್ಟೋದನ್ನು ತಡೀತವೆ.

ಕ್ಯಾಲ್ಸಿಯಂ ಮಾತ್ರೆಗೆ ಜಗಳ ಇರೋದು ಕಬ್ಬಿಣದ ಮಾತ್ರೆ ಜೊತೆ. ಎರಡನ್ನೂ ಒಟ್ಟಿಗೆ ನುಂಗಿದ್ರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತಲ್ಲ, ನಡುವೆ ಎರಡು ಗಂಟೆಯಾದರೂ ಬಿಡಿ. ಥೈರಾಯ್ಡ್ ಮಾತ್ರೆ ತಗೊಳ್ಳೋರು ನಾಲ್ಕು ಗಂಟೆ.