ರಿಪೇರಿ ಪ್ರೋಟೀನ್ ಇದ್ದರೆ ಸಾಕೇ? ಅದು ಎಲ್ಲಿದೆ ಎಂಬುದೂ ಮುಖ್ಯ

ಮನೆಯ ನೀರಿನ ಪೈಪ್ ಒಡೆದಿದೆ ಎಂದುಕೊಳ್ಳಿ. ಪ್ಲಂಬರ್ ಊರಲ್ಲೇ ಇದ್ದಾರೆ, ಸಲಕರಣೆಗಳೂ ಇವೆ. ಆದರೆ ಅವರು ನಿಮ್ಮ ಮನೆ ತಲುಪದಿದ್ದರೆ ಸೋರಿಕೆ ನಿಲ್ಲುವುದಿಲ್ಲ. ನಮ್ಮ ಜೀವಕೋಶಗಳಲ್ಲೂ ಹೀಗಾಗಬಹುದು.

ಡಿಎನ್‌ಎ ಹಾನಿ ಎಂದರೇನು?

ಬಿಸಿಲಿನ ನೇರಳಾತೀತ ಕಿರಣ, ತಂಬಾಕಿನ ಹೊಗೆ, ಕೋಶದೊಳಗಿನ ಸಹಜ ರಾಸಾಯನಿಕ ಕ್ರಿಯೆಗಳು ಡಿಎನ್‌ಎಗೆ ದಿನವೂ ಪೆಟ್ಟು ಕೊಡುತ್ತವೆ. ಇದನ್ನು ಸರಿಪಡಿಸುವ ಬಗೆಯನ್ನು ವಿವರಿಸಿದ ಮೂವರು ವಿಜ್ಞಾನಿಗಳಿಗೆ 2015ರ ರಸಾಯನಶಾಸ್ತ್ರ ನೊಬೆಲ್ ಸಂದಿತು. ಡಿಎನ್‌ಎ ಬಹುಪಾಲು ಇರುವುದು ಕೋಶಕೇಂದ್ರದಲ್ಲಿ. ಆದರೆ ರಿಪೇರಿ ಪ್ರೋಟೀನ್‌ಗಳು ತಯಾರಾಗುವುದು ಅದರ ಹೊರಗೆ. ತಮ್ಮಲ್ಲೇ ಇರುವ 'ವಿಳಾಸ ಚೀಟಿ'ಯಂಥ ತುಣುಕಿನ ನೆರವಿನಿಂದ ಅವು ಒಳಗೆ ಹೋಗಬೇಕು.

ಹೈದರಾಬಾದ್‌ನಲ್ಲಿ ಕಂಡದ್ದೇನು?

ಕೋಶಕೇಂದ್ರದ ಒಳಗೋಡೆಗೆ ಆಧಾರವಾಗಿರುವ ಪ್ರೋಟೀನ್ ಲ್ಯಾಮಿನ್ ಎ. ಇದರ ಜೀನ್‌ನಲ್ಲಿನ ದೋಷಗಳು ಕೆಲವು ಬಗೆಯ ಸ್ನಾಯುಕ್ಷಯಕ್ಕೂ, ಮಕ್ಕಳಲ್ಲಿ ಅಕಾಲ ವೃದ್ಧಾಪ್ಯ ತರುವ ಪ್ರೊಜೀರಿಯಾಕ್ಕೂ ಕಾರಣ. ಹೈದರಾಬಾದ್‌ನ ಸಿಸಿಎಂಬಿಯಲ್ಲಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ವೀಣಾ ಪಾರ್ನಾಯಕ್ ಅವರ ತಂಡ ಇಂಥ ದೋಷಯುಕ್ತ ಲ್ಯಾಮಿನ್‌ಗಳನ್ನು ಪ್ರಯೋಗಾಲಯದ ಹೀಲಾ ಕೋಶಗಳಲ್ಲಿ ತಯಾರಾಗುವಂತೆ ಮಾಡಿ, ಸಿಸ್‌ಪ್ಲಾಟಿನ್ ಔಷಧ ಅಥವಾ ನೇರಳಾತೀತ ಕಿರಣದಿಂದ ಡಿಎನ್‌ಎಗೆ ಸೌಮ್ಯ ಹಾನಿ ಮಾಡಿತು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು.

ಸಾಮಾನ್ಯವಾಗಿ ಹಾನಿಯಾದ ಜಾಗಗಳಲ್ಲಿ ರಿಪೇರಿಯ ಗುರುತುಗಳು ಚುಕ್ಕೆಗಳಂತೆ ಮೂಡುತ್ತವೆ. ಕೆಲವು ದೋಷಗಳಿದ್ದ ಕೋಶಗಳಲ್ಲಿ ಈ ಚುಕ್ಕೆಗಳು ಬಹಳ ಕಡಿಮೆಯಾದವು. ಅದೇ ಕೋಶಗಳಲ್ಲಿ, ಹಾನಿಯನ್ನು ಮೊದಲು ಗುರುತಿಸುವ ಪ್ರೋಟೀನ್‌ಗಳಲ್ಲಿ ಒಂದಾದ ಎಟಿಆರ್ ತನ್ನ ಜಾಗದಲ್ಲಿರಲಿಲ್ಲ. ರೋಗಕಾರಕವಾದ ಬೇರೆರಡು ದೋಷಗಳಲ್ಲಿ ಮಾತ್ರ ರಿಪೇರಿ ಬಹುತೇಕ ಸಹಜವಾಗಿತ್ತು. ಅಂದರೆ ಒಂದೇ ಜೀನ್‌ನ ಎಲ್ಲ ದೋಷಗಳೂ ಒಂದೇ ರೀತಿ ವರ್ತಿಸುವುದಿಲ್ಲ. ಇದು ಪ್ರಯೋಗಾಲಯದ ಕೋಶಗಳಲ್ಲಿ ಕಂಡದ್ದು ಎಂಬುದೂ ನೆನಪಿರಲಿ.

ಕ್ಯಾನ್ಸರ್‌ಗೂ ಇದಕ್ಕೂ ಏನು ನಂಟು?

ಸ್ತನ ಮತ್ತು ಅಂಡಾಶಯ ಕ್ಯಾನ್ಸರ್‌ಗೆ ಸಂಬಂಧಿಸಿದ ಬಿಆರ್‌ಸಿಎ2 ಪ್ರೋಟೀನ್‌ನ 'ವಿಳಾಸ ಚೀಟಿ' ಅದರ ಬಾಲದ ತುದಿಯಲ್ಲಿದೆ. ಜೀನ್ ದೋಷದಿಂದ ಪ್ರೋಟೀನ್ ಮೊಟಕಾದರೆ ಆ ಚೀಟಿಯೇ ಕಳೆದುಹೋಗುತ್ತದೆ. 2013ರ ಒಂದು ಅಧ್ಯಯನ ಇನ್ನೊಂದು ಬಗೆಯನ್ನು ತೋರಿಸಿತು: ಒಂದೇ ಒಂದು ಅಮೈನೋ ಆಮ್ಲ ಬದಲಾದರೂ, ಮರೆಯಲ್ಲಿದ್ದ 'ಹೊರಗೆ ಕಳಿಸಿ' ಎಂಬ ಸಂಕೇತ ಬಯಲಾಗಿ ಪ್ರೋಟೀನ್ ಕೋಶಕೇಂದ್ರದಿಂದ ಆಚೆ ಬೀಳುತ್ತದೆ.

ನಿಮಗೆ ಇದರಿಂದ ತಿಳಿಯಬೇಕಾದ್ದು

ಕುಟುಂಬದಲ್ಲಿ ಕ್ಯಾನ್ಸರ್ ಇದ್ದವರು ಜೀನ್ ಪರೀಕ್ಷೆ ಮಾಡಿಸಿದಾಗ, ವರದಿಯಲ್ಲಿ ಕೆಲವೊಮ್ಮೆ 'ಪರಿಣಾಮ ಖಚಿತವಿಲ್ಲದ ಬದಲಾವಣೆ' ಎಂದು ಬರುತ್ತದೆ. ಆ ಬದಲಾವಣೆಯಿಂದ ಪ್ರೋಟೀನ್ ಕೆಡುತ್ತದೆಯೇ, ದಾರಿ ತಪ್ಪುತ್ತದೆಯೇ ಅಥವಾ ಏನೂ ಆಗುವುದಿಲ್ಲವೇ ಎಂಬುದು ಅಕ್ಷರಗಳ ಪಟ್ಟಿಯಿಂದಷ್ಟೇ ಗೊತ್ತಾಗದು. ಹಾಗಾಗಿ ಆ ಒಂದು ಸಾಲು ನೋಡಿ ಗಾಬರಿಯಾಗಬೇಡಿ, ಶಸ್ತ್ರಚಿಕಿತ್ಸೆಯ ತೀರ್ಮಾನಕ್ಕೂ ಬರಬೇಡಿ. ಹಾಗೆಂದು ವರದಿಯನ್ನು ಮೂಲೆಗೂ ಹಾಕಬೇಡಿ. ಜೆನೆಟಿಕ್ ಕೌನ್ಸೆಲರ್ ಅಥವಾ ಕ್ಯಾನ್ಸರ್ ತಜ್ಞರಿಗೆ ಕುಟುಂಬದ ಪೂರ್ಣ ಇತಿಹಾಸ ತಿಳಿಸಿ. ಹೊಸ ಮಾಹಿತಿ ಬಂದಂತೆ ಇಂಥ ವರದಿಯ ಅರ್ಥ ಬದಲಾಗುವುದುಂಟು. ಒಂದೆರಡು ವರ್ಷದ ಬಳಿಕ ಮತ್ತೆ ವಿಚಾರಿಸಿ.

'ಡಿಎನ್‌ಎ ರಿಪೇರಿ' ಎಂದು ಮಾರುವ ಮಾತ್ರೆ ಈ ಜೀನ್ ದೋಷಗಳನ್ನು ಸರಿಪಡಿಸದು. ತಂಬಾಕು ಬಿಡುವುದು, ಸುಡುಬಿಸಿಲಿನಿಂದ ಚರ್ಮವನ್ನು ಕಾಪಾಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಹಾನಿ ಕಡಿಮೆಯಾದಷ್ಟೂ ರಿಪೇರಿಯ ಹೊರೆ ಹಗುರ.