ತೊಗಲು ನಮ್ಮದು, ಲೆಕ್ಕ ಯಾರದು?

ಪುಲಿಕೇಶಿನಗರದ ಪಕ್ಕ ಹಾಯುವ ರಸ್ತೆಗೆ ಟ್ಯಾನರಿ ರಸ್ತೆ ಅಂತ ಹೆಸರು. ತೊಗಲು ಹದ ಮಾಡುವ ಕಾರ್ಖಾನೆಗಳಿಂದ ಬಂದ ಹೆಸರು ಅದು. ಬಡಾವಣೆಗೆ ಮೊದಲು ಫ್ರೇಜರ್ ಎಂಬ ಬಿಳಿ ಸಾಹೇಬನ ಹೆಸರಿತ್ತು, ಆಮೇಲೆ ಚಾಲುಕ್ಯ ದೊರೆಯ ಹೆಸರು ಬಂತು. ಸುಣ್ಣದ ಗುಂಡಿಗಿಳಿದು ಹಸಿ ತೊಗಲು ತುಳಿದವರ ಹೆಸರು ಯಾವ ಬೋರ್ಡಿನ ಮೇಲೂ ಇಲ್ಲ. ಹೋಗಲಿ, ಹೆಸರು ಬೇಡ. ನಾವು ಕೇಳ್ತಿರೋದು ಲೆಕ್ಕ.

ಅಂತರರಾಷ್ಟ್ರೀಯ ವ್ಯಾಪಾರ ಅಂದ ಕೂಡಲೇ ನಮ್ಮ ಗೆಳೆಯರಲ್ಲೇ ಕೆಲವರು ಮೂಗು ಮುರೀತಾರೆ. 'ಅದು ಸೆಟ್ಟರ ವಿದ್ಯೆ, ನಮಗ್ಯಾಕೆ? ನಮಗೆ ಹಾಡು ಸಾಕು, ಹೋರಾಟ ಸಾಕು' ಅಂತಾರೆ. ಮೇಲುಜಾತಿಯ ಮೇಷ್ಟ್ರು ಇದನ್ನೇ ಬೇರೆ ಮಾತಲ್ಲಿ ಹೇಳ್ತಾರೆ: 'ನಿಮಗೆ ಪಾಸಾದರೆ ಸಾಕಲ್ಲವೇನಯ್ಯಾ, ಗೈಡು ಓದ್ಕೊಳ್ಳಿ.' ಇಬ್ಬರೂ ಮುಚ್ಚುತ್ತಿರೋದು ಒಂದೇ ಬಾಗಿಲು.

ಆ ಗೈಡಿನ ಮೊದಲ ಪಾಠ ರಿಕಾರ್ಡೊ. 1817ರಲ್ಲಿ ಆತ ಕೊಟ್ಟ ಉದಾಹರಣೆ ಇದು: ಪೋರ್ಚುಗಲ್ ದ್ರಾಕ್ಷಾರಸ ಮಾಡಲಿ, ಇಂಗ್ಲೆಂಡ್ ಬಟ್ಟೆ ಮಾಡಲಿ, ಬದಲಾಯಿಸಿಕೊಂಡರೆ ಇಬ್ಬರಿಗೂ ಲಾಭ. ಯಾರಿಗೆ ಯಾವುದು ಹೋಲಿಕೆಯಲ್ಲಿ ಅಗ್ಗವೋ ಅವರು ಅದನ್ನೇ ಮಾಡಲಿ. ಕೇಳೋಕೆ ಸೊಗಸಾಗಿದೆ. ಆದರೆ 'ಅವರವರ ಕಸುಬು ಅವರವರಿಗೆ' ಅನ್ನೋ ಮಾತನ್ನು ನಾವು ತಲೆತಲಾಂತರದಿಂದ ಕೇಳಿದ್ದೇವೆ ಸ್ವಾಮಿ. ರಿಕಾರ್ಡೊನ ಲೆಕ್ಕದಲ್ಲಿ ಒಂದು ದೇಶದ ಒಳಗೆ ದುಡಿಯುವವನು ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗಬಹುದು. ನಮ್ಮ ಊರಲ್ಲಿ ಸತ್ತ ದನ ಎಳೆಯುವವನ ಮಗ ನಾಳೆ ತುಪ್ಪದ ಅಂಗಡಿ ಇಡಬಹುದೇ? ಇಟ್ಟರೂ ಕೊಳ್ಳುವವರಾರು? ಜಾತಿ ಬರೀ ದುಡಿಮೆಯ ವಿಭಜನೆಯಲ್ಲ, ದುಡಿಯುವವರ ವಿಭಜನೆ ಎಂದು ಬಾಬಾಸಾಹೇಬರು 1936ರಲ್ಲೇ ಹೇಳಿದರು. ಗೈಡು ಬರೆದವರು ಆ ಪುಟ ತಿರುಗಿಸಿಲ್ಲ.

ಈಗ ತೊಗಲಿನ ದಾರಿ ಹಿಡಿದು ನಡೆಯೋಣ. 1809ರಲ್ಲಿ ಇಲ್ಲಿ ದಂಡು ಬಂದು ಇಳಿಯಿತು. ದಂಡಿಗೆ ಬೂಟು ಬೇಕು, ಜೀನು ಬೇಕು. ಮೊದಲ ಮಹಾಯುದ್ಧದಲ್ಲಿ ದಕ್ಷಿಣದವರು ತಂಗಡಿ ತೊಗಟೆಯಲ್ಲಿ ಹದ ಮಾಡಿದ ತೊಗಲು ಬ್ರಿಟಿಷ್ ಸಿಪಾಯಿಗಳ ಬೂಟಾಯಿತು. ಯುದ್ಧಕ್ಕೆ ಮೊದಲು ಹಸಿ ತೊಗಲಿನ ರಫ್ತಿನಲ್ಲಿ ಜರ್ಮನ್ ಕಂಪನಿಗಳದೇ ಮೇಲುಗೈ. 1919ರಲ್ಲಿ ಬ್ರಿಟಿಷರು ಹಸಿ ತೊಗಲಿನ ರಫ್ತಿಗೆ ಶೇ 15 ಸುಂಕ ಹಾಕಿದರು. ಅದೇ ತೊಗಲು ಸಾಮ್ರಾಜ್ಯದ ಒಳಗಿನ ದೇಶಗಳಿಗೆ ಹೋದರೆ ಮೂರರಲ್ಲಿ ಎರಡು ಪಾಲು ವಾಪಸ್! ಸುಂಕ ಅಂದರೆ ಬರೀ ಬೊಕ್ಕಸಕ್ಕೆ ಬರುವ ಹಣವಲ್ಲ. ಸರಕನ್ನು ಯಾರ ಮನೆ ಕಡೆ ತಿರುಗಿಸಬೇಕು ಎಂಬ ಚಾಟಿ ಅದು.

1973ರಲ್ಲಿ ಮೈಸೂರಲ್ಲಿ ಬಸವಲಿಂಗಪ್ಪನವರು ಬೂಸಾ ಅಂದದ್ದಕ್ಕೆ ನಾಡೇ ಹೊತ್ತಿ ಉರಿಯಿತು. ಅದೇ ವರ್ಷ ದಿಲ್ಲಿ ಹಸಿ ತೊಗಲಿನ ರಫ್ತು ನಿಲ್ಲಿಸಿತು. ತೊಗಲನ್ನು ಇಲ್ಲೇ ಪೂರ್ತಿ ಹದ ಮಾಡಿ, ಮಾಲು ಮಾಡಿ ಮಾರೋಣ ಎಂಬ ನೀತಿ. ಒಳ್ಳೆಯದೇ. ಆದರೆ ಪೂರ್ತಿ ಹದಕ್ಕೆ ಯಂತ್ರ ಬೇಕು, ಯಂತ್ರಕ್ಕೆ ಬ್ಯಾಂಕಿನ ಸಾಲ ಬೇಕು, ಸಾಲಕ್ಕೆ ಅಡಮಾನ ಬೇಕು. ಕೇರಿಯವನ ಹತ್ತಿರ ಅಡಮಾನಕ್ಕೆ ಏನಿತ್ತು, ಗುಂಡಿಯೇ?

ಪ್ರಪಂಚದ ವ್ಯಾಪಾರದ ಪಟ್ಟಿಯಲ್ಲಿ ಹಸಿ ತೊಗಲು, ಹದ ಮಾಡಿದ ತೊಗಲು 41ನೇ ಅಧ್ಯಾಯ. ಪಾದರಕ್ಷೆ 64ನೇ ಅಧ್ಯಾಯ. 41ರಿಂದ 64ಕ್ಕೆ ಹೋಗುವಷ್ಟರಲ್ಲಿ ಬೆಲೆ ಏರುತ್ತೆ, ಮೈಲಿಗೆ ಇಳಿಯುತ್ತೆ. ಸುಲಿಯುವಾಗ ಹೊಲೆ, ಶೋರೂಮಿನ ಗಾಜಿನೊಳಗೆ ಫ್ಯಾಷನ್. ಅರ್ಥಶಾಸ್ತ್ರದವರು ಇದನ್ನು ಮೌಲ್ಯವರ್ಧನೆ ಅಂತಾರೆ. ನಾವು ಕೇಳೋದು: ಯಾರ ಮೌಲ್ಯ ವರ್ಧಿಸಿತು? ಹರಳಯ್ಯನ ಚಮ್ಮಾವುಗೆಗೆ ಭಕ್ತಿಯ ಬೆಲೆ ಕಟ್ಟಿದರು, ಕೂಲಿಯ ಬೆಲೆ ಕಟ್ಟಲಿಲ್ಲ.

2025ರ ಬಜೆಟ್ಟಿನಲ್ಲಿ ವೆಟ್ ಬ್ಲೂ ಆಮದಿನ ಸುಂಕ ಸೊನ್ನೆಗೆ ಇಳಿಯಿತು. ವೆಟ್ ಬ್ಲೂ ಅಂದರೆ ಕ್ರೋಮ್ ಹಾಕಿ ಅರ್ಧ ಹದ ಮಾಡಿದ ನೀಲಿ ಒದ್ದೆ ತೊಗಲು. ಬೂಟಿನ ಕಾರ್ಖಾನೆಗೆ ಹೊರದೇಶದ ತೊಗಲು ಅಗ್ಗವಾಯಿತು. ಅಲ್ಲಿ ನಾಲ್ಕು ಜನಕ್ಕೆ ಕೆಲಸವೂ ಸಿಗಬಹುದು. ಇಲ್ಲಿ ಹಸಿ ತೊಗಲು ಮಾರುವ ಮಾದಿಗ, ಅದನ್ನು ಕೊಂಡು ಉಪ್ಪು ಹಾಕುವ ಮುಸ್ಲಿಂ ಬಂಧು, ಇವರ ಬೆಲೆ ಏನಾಯಿತು? ಕೇಳುವವರಿಲ್ಲ. ರಾಜ್ಯದ 2020ರ ಕಾಯ್ದೆಯಲ್ಲಿ ಹದಿಮೂರು ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಮಿಕ್ಕ ದನ ಕಡಿಯೋದು ಅಪರಾಧ. ದೇಶ ಮಾತ್ರ ಎಮ್ಮೆ ಮಾಂಸದ ರಫ್ತಿನಲ್ಲಿ ಪ್ರಪಂಚದ ಮುಂಚೂಣಿಯಲ್ಲಿದೆ. ಡಾಲರು ಮುಟ್ಟಿದರೆ ಮಡಿ ಕೆಡೋದಿಲ್ಲ, ನಾವು ಮುಟ್ಟಿದರೆ ಕೆಡುತ್ತೆ!

ಇನ್ನು ಡಾಲರಿನ ಮಾತು. 1991ರ ಜುಲೈ ಮೊದಲ ವಾರ ಎರಡು ಏಟಿಗೆ ರೂಪಾಯಿಯ ಬೆಲೆ ಇಳಿಸಿದರು. ಡಾಲರಿಗೆ ಸುಮಾರು 21 ರೂಪಾಯಿ ಇದ್ದದ್ದು 25 ದಾಟಿತು. ನೂರು ಡಾಲರಿನ ಬೂಟು ಕಳಿಸಿದ ಧಣಿಗೆ 2,100 ಬರುತ್ತಿದ್ದ ಕಡೆ 2,500ಕ್ಕೂ ಹೆಚ್ಚು ಬಂತು. ಬೂಟು ಹೊಲಿದವನ ಕೂಲಿ ಅದೇ ವಾರ ಏರಿತೇ? ಬೆಲೆ ಮುಂದೆ ಓಡುತ್ತೆ, ಕೂಲಿ ಕುಂಟುತ್ತಾ ಹಿಂದೆ ಬರುತ್ತೆ. ನಡುವೆ ಉಳಿಯುವ ದುಡ್ಡೇ ಧಣಿಯ ಲಾಭ.

ಇದನ್ನು ನಮಗೆ ಕಲಿಸಿದ್ದು ಗೈಡಲ್ಲ. 1915ರಲ್ಲಿ ಕೊಲಂಬಿಯಾದಲ್ಲಿ ಪ್ರಾಚೀನ ಭಾರತದ ವಾಣಿಜ್ಯದ ಮೇಲೆ ಪ್ರಬಂಧ ಬರೆದ, 1923ರಲ್ಲಿ ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆ ಕುರಿತ ಪುಸ್ತಕ ಪ್ರಕಟಿಸಿದ ಮಹಾರ್ ಯುವಕ. ರೂಪಾಯಿ ಇಳಿದರೆ ದೇಶಕ್ಕೆ ಲಾಭ ಅಂತ ವರ್ತಕರು ಕೂಗುತ್ತಿದ್ದ ಕಾಲ ಅದು. ಅದು ದೇಶದ ಲಾಭವಲ್ಲ, ದುಡಿಯುವವರ ಕಿಸೆಯಿಂದ ವರ್ತಕರ ಕಿಸೆಗೆ ಹೋಗುವ ಹಣ ಎಂದು ಆತ ವಾದಿಸಿದರು. ಸಂವಿಧಾನ ಹಿಡಿದ ಬಾಬಾಸಾಹೇಬರ ವಿಗ್ರಹ ಪ್ರತಿ ಕೇರಿಯಲ್ಲೂ ಇದೆ. ರೂಪಾಯಿಯ ಪುಸ್ತಕ ಹಿಡಿದ ಬಾಬಾಸಾಹೇಬರನ್ನು ಕಂಡರೆ ಮಾತ್ರ ಧಣಿಗಳಿಗೆ ಭಯ, ಅದಕ್ಕೇ ಅದನ್ನು ಬಚ್ಚಿಟ್ಟಿದ್ದಾರೆ.

2025ರ ಆಗಸ್ಟ್ 27ರಂದು ಅಮೆರಿಕ ನಮ್ಮ ಬಟ್ಟೆ, ಬೂಟು, ತೊಗಲಿನ ಮಾಲಿನ ಮೇಲಿನ ಹೊಸ ಸುಂಕವನ್ನು ಶೇ 50ಕ್ಕೆ ಏರಿಸಿತು. ಆ ಸುಂಕ ಕಟ್ಟುವವನು ಅಲ್ಲಿನ ಆಮದುದಾರ. ಅವನು ಇಲ್ಲಿನ ಧಣಿಯ ಬೆಲೆ ಹಿಂಡುತ್ತಾನೆ, ಇಲ್ಲ ಆರ್ಡರು ನಿಲ್ಲಿಸುತ್ತಾನೆ. ಧಣಿ ಓಟಿ ನಿಲ್ಲಿಸುತ್ತಾನೆ. ವಾಷಿಂಗ್ಟನ್ನಿನ ಸಹಿ ಕೊನೆಗೆ ಬೀಳೋದು ನಮ್ಮಕ್ಕನ ಸಂಬಳದ ಚೀಟಿಯ ಮೇಲೆ.

ಆದ್ದರಿಂದ ಗೆಳೆಯರೇ, ಪ್ರತಿ ಕೇರಿಯಲ್ಲೂ ವಾರಕ್ಕೊಂದು ಸಂಜೆ ಕೂರೋಣ. ಸುಂಕ ಅಂದರೇನು, ವಿನಿಮಯ ದರ ಅಂದರೇನು, ಬಜೆಟ್ಟಿನಲ್ಲಿ 41ನೇ ಅಧ್ಯಾಯಕ್ಕೆ ಏನು ಮಾಡಿದರು, ಕನ್ನಡದಲ್ಲೇ ಓದೋಣ, ಅಕ್ಕತಂಗಿಯರಿಗೆ ಓದಿ ಹೇಳೋಣ. ಈ ಕ್ಷೇತ್ರ 2008ರಿಂದ ನಮಗೆ ಮೀಸಲು. ಓಟು ಕೇಳೋಕೆ ಬರುವವರಿಗೆ ಮೋರಿ, ನಲ್ಲಿಯ ಜೊತೆಗೆ ತೊಗಲಿನ ಸುಂಕವನ್ನೂ ಕೇಳೋಣ.

ತಮಟೆ ಬಾರಿಸುವ ಕೈಗೆ ಲೆಕ್ಕದ ಪುಸ್ತಕ ಭಾರವಲ್ಲ. ತಮಟೆಯೂ ತೊಗಲೇ. ಬೆಂಕಿಗೆ ಹಿಡಿದು ಕಾಯಿಸಿದಷ್ಟೂ ಗಟ್ಟಿಯಾಗಿ ಕೇಳುತ್ತೆ.